ಒಂದು ಹಂಡೆಯ ಹೊಟೇಲು: ಹನೋಯಿಯ ಪುಟ್ಟ ಅಂಗಡಿಗಳಿಂದ ನಾವು ಕಲಿಯಬೇಕಾದ ಪಾಠ



ನಮ್ಮ ಹೊಟೇಲುಗಳ ಮೆನು ಕಾರ್ಡು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದೆ. ಮೊದಲು ಇಡ್ಲಿ, ವಡೆ, ದೋಸೆ, ಉಪ್ಪಿಟ್ಟು, ಕಾಫಿ ಇಷ್ಟೇ ಇತ್ತು. ಆಮೇಲೆ ಪಾವ್‌ಭಾಜಿ ಬಂತು. ಅದರ ಹಿಂದೆ ಪಂಜಾಬಿ, ಚೈನೀಸ್, ಪಿಜ್ಜಾ, ಮೊಮೊ ಎಲ್ಲ ಬಂದವು. ಪುಟ ಹೆಚ್ಚಿದ ಹಾಗೆ ಗಲ್ಲೆಯೂ ತುಂಬಬೇಕಿತ್ತು. ಆದರೆ ಹೆಚ್ಚಿನವರ ಅನುಭವ ಬೇರೆಯೇ ಇದೆ. ಪುಟಕ್ಕೊಬ್ಬ ಭಟ್ಟ ಬೇಕು, ಊರಿನಿಂದ ಹುಡುಗರು ಬರುತ್ತಿಲ್ಲ, ಬಾಡಿಗೆ ಇಳಿಯುವುದಿಲ್ಲ, ಫ್ರಿಜ್ಜಿನಲ್ಲಿ ಉಳಿದ ಮಾಲು ಕಸಕ್ಕೆ ಹೋಗುತ್ತದೆ. ಇದನ್ನೆಲ್ಲ ನೋಡಿ ಬೆಳೆದ ಮಕ್ಕಳು ಗಲ್ಲೆಯಲ್ಲಿ ಕೂರಲು ಒಪ್ಪುವುದಿಲ್ಲ. ಕೊನೆಗೆ ಮೂವತ್ತು ನಲವತ್ತು ವರ್ಷ ನಡೆದ ಹೊಟೇಲನ್ನು ಮೊಬೈಲ್ ಅಂಗಡಿಗೋ ಔಷಧದ ಅಂಗಡಿಗೋ ಕೊಟ್ಟು ಕೈತೊಳೆದುಕೊಂಡವರು ನಮ್ಮಲ್ಲೇ ಇದ್ದಾರೆ.

ಈಚೆಗೆ ನಾವು ನಾಲ್ಕು ಮಂದಿ ಹೊಟೇಲಿನವರು ವಿಯೆಟ್ನಾಂ ದೇಶದ ರಾಜಧಾನಿ ಹನೋಯಿಗೆ ಹೋಗಿ ಬಂದೆವು. ಅಲ್ಲಿಯ ದೊಡ್ಡ ಹೊಟೇಲುಗಳ ವಿಷಯ ಬರೆಯುವುದಿಲ್ಲ, ಅಂಥವು ಎಲ್ಲ ಊರಿನಲ್ಲೂ ಇವೆ. ನಮ್ಮ ಕಣ್ಣು ಬಿದ್ದದ್ದು ಗಲ್ಲಿಯ ಪುಟ್ಟ ಅಂಗಡಿಗಳ ಮೇಲೆ. ಅಂಗಡಿಗೆ ಒಂದೇ ತಿಂಡಿ, ನಾಲ್ಕಾರು ಕೈ, ಒಂದು ದೊಡ್ಡ ಹಂಡೆ. ಇಷ್ಟರಲ್ಲೇ ಬಾಗಿಲಲ್ಲಿ ಸಾಲು ನಿಲ್ಲುತ್ತದೆ. ನಿಮ್ಮ ಮೆನುವಿಗೆ ವಿಯೆಟ್ನಾಂ ಎಂಬ ಹೊಸ ಪುಟ ಸೇರಿಸಿ ಎಂದು ಹೇಳಲು ಈ ಲೇಖನ ಬರೆಯುತ್ತಿಲ್ಲ. ಇದ್ದ ಪುಟಗಳನ್ನು ಕಡಿಮೆ ಮಾಡಿಯೂ ಹೊಟೇಲು ನಡೆಸುವ ದಾರಿ ಅಲ್ಲಿ ಕಾಣಿಸಿತು, ಅದನ್ನು ಹೇಳಲು ಬರೆಯುತ್ತಿದ್ದೇವೆ.

ಅಂಗಡಿ ಹೇಗಿರುತ್ತದೆ?

ಹನೋಯಿಯ ಹಳೇ ಪೇಟೆಯಲ್ಲಿ ಮನೆಗಳು ಕೊಳವೆಯ ಹಾಗೆ ಇರುತ್ತವೆ. ರಸ್ತೆಯ ಕಡೆಗೆ ಅಗಲ ತೀರಾ ಕಡಿಮೆ, ಒಳಗೆ ಉದ್ದ ಬಹಳ. ಕೆಳಗೆ ಅಂಗಡಿ, ಮೇಲೆ ಸಂಸಾರ. ಬಾಗಿಲ ಬುಡದಲ್ಲೇ ಒಲೆ, ಒಲೆಯ ಮೇಲೆ ಹಂಡೆ, ಪಕ್ಕದಲ್ಲಿ ಹೆಚ್ಚುವ ಹಲಗೆ. ಕೂರಲು ಮೊಣಕಾಲಿಗಿಂತ ಕೆಳಗಿರುವ ಪ್ಲಾಸ್ಟಿಕ್ ಸ್ಟೂಲುಗಳು. ಮೇಜಿನ ಮೇಲೆ ಊಟದ ಕಡ್ಡಿಗಳ ಡಬ್ಬ, ಚಮಚ, ನಿಂಬೆ ಹೋಳು, ಹೆಚ್ಚಿದ ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿದ ವಿನೆಗರ್. ಅನೇಕ ಕಡೆ ಮೆನು ಕಾರ್ಡೇ ಇಲ್ಲ, ಗೋಡೆಯ ಮೇಲೆ ತಿಂಡಿಯ ಹೆಸರೂ ದರವೂ ಬರೆದಿರುತ್ತದೆ. ಅಂಗಡಿಯ ಹೆಸರೂ ಹಾಗೆಯೇ. ತಿಂಡಿಯ ಹೆಸರು, ಅದರ ಮುಂದೆ ಮಾಲಕರ ಹೆಸರು ಅಥವಾ ಬೀದಿಯ ಹೆಸರು, ಅಷ್ಟೇ.

ಅಲ್ಲಿಯ ಮುಖ್ಯ ತಿಂಡಿ ಫೋ. ಅಕ್ಕಿಯ ಅಗಲ ಶಾವಿಗೆಯ ಮೇಲೆ ಬಿಸಿ ಸಾರು ಸುರಿದು, ಈರುಳ್ಳಿಸೊಪ್ಪು, ಕೊತ್ತಂಬರಿ ಉದುರಿಸಿ ಕೊಡುತ್ತಾರೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ, ಫ್ರೆಂಚರ ಆಡಳಿತದ ಕಾಲಕ್ಕೆ, ಹನೋಯಿ ಮತ್ತು ಅದರ ಹತ್ತಿರದ ನಾಮ್ ದಿನ್ ಪ್ರಾಂತದ ಕಡೆ ಇದು ರೂಪ ತಾಳಿತು. ಸಾರು ದನದ ಎಲುಬಿನದು. ಅದಕ್ಕೆ ಬೀಳುವ ಮಸಾಲೆ ಮಾತ್ರ ನಮಗೆ ಗೊತ್ತಿರುವಂಥದ್ದೇ: ಚಕ್ರಮೊಗ್ಗು, ದಾಲ್ಚಿನ್ನಿ, ಲವಂಗ, ದೊಡ್ಡ ಏಲಕ್ಕಿ, ಜೊತೆಗೆ ಕೆಂಡದಲ್ಲಿ ಸುಟ್ಟ ಶುಂಠಿ ಮತ್ತು ಈರುಳ್ಳಿ. ಅಕ್ಕಿಯ ಕೆಲಸವೂ ನಮಗೆ ಹೊಸದಲ್ಲ. ನೆನೆಸಿದ ಅಕ್ಕಿಯನ್ನು ರುಬ್ಬಿ, ಹಿಟ್ಟನ್ನು ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಹಬೆಯಲ್ಲಿ ಬೇಯಿಸಿ, ಆ ಹಾಳೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿದರೆ ಫೋ ಶಾವಿಗೆ. ಬುನ್ ಎಂಬ ಇನ್ನೊಂದು ಜಾತಿಯ ಶಾವಿಗೆಯನ್ನು ತೂತಿನ ಅಚ್ಚಿನಿಂದ ಕುದಿಯುವ ನೀರಿಗೇ ಒತ್ತುತ್ತಾರೆ. ಒತ್ತುಶಾವಿಗೆ ಮಾಡಿ ಬೆಳೆದ ನಮ್ಮ ಕರಾವಳಿಯವರಿಗೆ ಅದನ್ನು ನೋಡಿದ ಕೂಡಲೇ ಅರ್ಥವಾಗುತ್ತದೆ.

ನಮ್ಮಲ್ಲಿ ದನದ ಮಾಂಸ ತಿನ್ನದವರೇ ಹೆಚ್ಚು. ಆದ್ದರಿಂದ ಹೆಸರಾದ ಫೋ ಅಂಗಡಿಗಳಲ್ಲಿ ನಾವು ಉಣ್ಣಲಿಲ್ಲ, ಎದುರಿಗೆ ನಿಂತು ಕೆಲಸ ನೋಡಿದೆವು. ಉಂಡದ್ದು ಸಸ್ಯಾಹಾರಿ ಅಂಗಡಿಗಳಲ್ಲಿ. ಅದರ ವಿಷಯ ಮುಂದೆ ಹೇಳುತ್ತೇವೆ.

ಪಾಠ 1: ಗಿರಾಕಿ ಬರುವ ಮೊದಲೇ ಕೆಲಸ ಮುಗಿದಿರಬೇಕು

ಫೋ ಅಂಗಡಿಯ ಹಂಡೆ ಹಿಂದಿನ ರಾತ್ರಿಯೇ ಒಲೆಗೆ ಏರುತ್ತದೆ. ಎಂಟು ಹತ್ತು ಗಂಟೆ ಸಣ್ಣ ಉರಿಯಲ್ಲಿ ಸಾರು ಕಾಯುತ್ತದೆ. ಜೋರಾಗಿ ಕುದಿಸುವುದಿಲ್ಲ, ಕುದಿಸಿದರೆ ಸಾರು ಕಲಕುತ್ತದೆ. ಮೇಲೆ ಬಂದ ನೊರೆಯನ್ನು ಆಗಾಗ ತೆಗೆಯುತ್ತಾರೆ. ಬೆಳಗಾಗುವ ಹೊತ್ತಿಗೆ ಸಾರು ಸಿದ್ಧ, ಸೊಪ್ಪು ಹೆಚ್ಚಿ ಆಗಿದೆ, ತಾಜಾ ಶಾವಿಗೆ ಬಂದು ಬಿದ್ದಿದೆ. ಶಾವಿಗೆಯನ್ನು ಹೆಚ್ಚಿನ ಅಂಗಡಿಯವರು ತಾವು ಮಾಡುವುದಿಲ್ಲ, ಅದನ್ನೇ ಕಸುಬಾಗಿ ಮಾಡುವವರಿಂದ ದಿನವೂ ತರಿಸುತ್ತಾರೆ. ತಮ್ಮ ಕೈರುಚಿ ಯಾವುದರಲ್ಲಿದೆಯೋ ಆ ಸಾರನ್ನು ಮಾತ್ರ ಬೇರೆಯವರಿಗೆ ಬಿಡುವುದಿಲ್ಲ.

ಗಿರಾಕಿ ಬಂದ ಮೇಲೆ ಉಳಿಯುವ ಕೆಲಸ ಇಷ್ಟೇ. ಒಂದು ಹಿಡಿ ಶಾವಿಗೆಯನ್ನು ಜಾಲರಿ ಸೌಟಿನಲ್ಲಿ ಹಾಕಿ ಬಿಸಿನೀರಿನಲ್ಲಿ ಕೆಲವು ಸೆಕೆಂಡು ಅದ್ದುವುದು, ಬಟ್ಟಲಿಗೆ ಹಾಕುವುದು, ಮೇಲಿನ ಸಾಮಾನು ಇಡುವುದು, ಸಾರು ಸುರಿಯುವುದು. ಎರಡು ಮೂರು ನಿಮಿಷದಲ್ಲಿ ಬಟ್ಟಲು ಗಿರಾಕಿಯ ಮುಂದಿರುತ್ತದೆ. ಹತ್ತು ಗಂಟೆಯ ಕೆಲಸ ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ.

ಇದು ನಮ್ಮ ಹಿರಿಯರ ಪದ್ಧತಿಯೂ ಹೌದು. ಮಧ್ಯಾಹ್ನ ಉದ್ದು-ಅಕ್ಕಿ ನೆನೆಹಾಕಿ, ಸಂಜೆ ರುಬ್ಬಿ, ರಾತ್ರಿ ಹುಳಿಬರಿಸಿ, ಬೆಳಿಗ್ಗೆ ಐದಕ್ಕೆ ಇಡ್ಲಿ ಅಟ್ಟ ಏರಿಸಿದರೆ ಆರು ಗಂಟೆಗೆ ಪ್ಲೇಟು ಕೊಡಲು ಅರ್ಧ ನಿಮಿಷ ಸಾಕು. ಆದರೆ ಒಂದು ಬಾಣಲೆ ಮೆಂಚೂರಿಯನ್‌ಗೆ ಆರ್ಡರು ಬಂದ ಮೇಲೆಯೇ ಹೆಚ್ಚುವುದು, ಕರಿಯುವುದು, ಕಲಸುವುದು ಎಲ್ಲ ಶುರುವಾಗುತ್ತದೆ. ರಷ್ ಹೊತ್ತಿನಲ್ಲಿ ಆ ಒಂದು ಆರ್ಡರು ಹತ್ತು ದೋಸೆಯ ಗಿರಾಕಿಗಳನ್ನು ಕಾಯಿಸುತ್ತದೆ. ಮೆನುವಿನ ಪ್ರತಿಯೊಂದು ತಿಂಡಿಗೂ ಈ ಒಂದು ಪ್ರಶ್ನೆ ಹಾಕಿ: ಇದರ ಕೆಲಸ ಗಿರಾಕಿ ಬರುವ ಮೊದಲು ಎಷ್ಟು, ಬಂದ ಮೇಲೆ ಎಷ್ಟು?

ಪಾಠ 2: ಒಂದು ಹಂಡೆ, ಮೂರು ಬಗೆ

ಹನೋಯಿಯ ಬಾಟ್ ಡಾನ್ ಬೀದಿಯಲ್ಲಿ 49ನೇ ನಂಬರಿನ ಅಂಗಡಿ ಬಹಳ ಹೆಸರಾದದ್ದು. ಹೆಸರು ಫೋ ಜಿಯಾ ಟ್ರುಯೆನ್, ಅಂದರೆ ಮನೆತನದಲ್ಲಿ ಕೈದಾಟಿ ಬಂದ ಫೋ. ಅಲ್ಲಿ ಬಗೆಗಳು ಮುಖ್ಯವಾಗಿ ಮೂರೇ, ಅವೂ ಮಾಂಸ ಎಷ್ಟು ಬೆಂದಿದೆ ಮತ್ತು ಯಾವ ಭಾಗದ್ದು ಎಂಬುದರ ಮೇಲೆ. ಸಾರು, ಶಾವಿಗೆ, ಸೊಪ್ಪು ಮೂರಕ್ಕೂ ಒಂದೇ. ಬೆಳಿಗ್ಗೆ ಕೆಲವು ಗಂಟೆ, ಸಂಜೆ ಕೆಲವು ಗಂಟೆ ವ್ಯಾಪಾರ. ಗಿರಾಕಿ ಸಾಲಿನಲ್ಲಿ ನಿಂತು, ಮೊದಲು ಹಣ ಕೊಟ್ಟು, ತನ್ನ ಬಟ್ಟಲನ್ನು ತಾನೇ ಹೊತ್ತುಕೊಂಡು ಹೋಗಿ ಕೂರುತ್ತಾನೆ. ನಮ್ಮ ದರ್ಶಿನಿಗಳ ಪದ್ಧತಿಯೂ ಇದೇ ಅಲ್ಲವೇ? 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗ ಜನ ನಿಂತು ತಿನ್ನುವುದನ್ನು ಹೊಸದೆಂದು ನೋಡಿದರು. ಇಂದು ಅದು ಊರಿಗೇ ಅಭ್ಯಾಸವಾಗಿದೆ.

ಹಂಡೆ ಒಂದೇ ಆದಾಗ ಮಾಲು ಉಳಿಯುವುದಿಲ್ಲ, ದಿನದ ಖರೀದಿಯ ಲೆಕ್ಕ ಸುಲಭ, ಹೊಸ ಹುಡುಗನಿಗೆ ಕೆಲಸ ಕಲಿಸುವುದೂ ಸುಲಭ. ಒಬ್ಬ ಭಟ್ಟ ರಜೆ ಹಾಕಿದರೆ ಅಂಗಡಿ ಮುಚ್ಚಬೇಕಾಗಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಒಂದೇ ಕೆಲಸವನ್ನು ದಿನಕ್ಕೆ ನೂರಾರು ಸಲ ಮಾಡಿದ ಕೈಯಲ್ಲಿ ರುಚಿ ತಪ್ಪುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಬಗೆ ಕಡಿಮೆ ಮಾಡಬಹುದು, ಹಂಡೆಯ ಸತ್ವ ಕಡಿಮೆ ಮಾಡುವಂತಿಲ್ಲ. ಇದಕ್ಕೆ ಹನೋಯಿಯ ಚರಿತ್ರೆಯಲ್ಲೇ ಸಾಕ್ಷಿ ಇದೆ. 1954ರ ನಂತರ ಉತ್ತರ ವಿಯೆಟ್ನಾಮಿನಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂತು, ಕ್ರಮೇಣ ಖಾಸಗಿ ಅಂಗಡಿಗಳ ಜಾಗದಲ್ಲಿ ಸರ್ಕಾರಿ ಫೋ ಅಂಗಡಿಗಳು ನಡೆದವು. ಯುದ್ಧದ ಕಾಲಕ್ಕೆ ಪಡಿತರ ಸಾಲದೆ ಮಾಂಸವೇ ಇಲ್ಲದ ತೆಳು ಸಾರನ್ನು ಕೊಡಬೇಕಾಯಿತು. ಆಗ ಅಮೆರಿಕದವರು ಪೈಲಟ್ ಇಲ್ಲದ ಬೇಹುಗಾರಿಕೆ ವಿಮಾನಗಳನ್ನು ಅಲ್ಲಿಯ ಆಕಾಶಕ್ಕೆ ಕಳಿಸುತ್ತಿದ್ದರು. ಜನ ಅದನ್ನು ನೋಡಿ ಈ ಸಾರಿಗೂ 'ಪೈಲಟ್ ಇಲ್ಲದ ಫೋ' ಎಂದು ಹೆಸರಿಟ್ಟರು. 1986ರಲ್ಲಿ ದೋಯ್ ಮೋಯ್ ಎಂಬ ಆರ್ಥಿಕ ಸುಧಾರಣೆ ಬಂದ ಮೇಲೆ ಮನೆಮನೆಯ ಅಂಗಡಿಗಳು ಮತ್ತೆ ತಲೆ ಎತ್ತಿದವು. ಆದರೆ ಆ ತಮಾಷೆಯ ಹೆಸರು ಇಂದಿಗೂ ಜನರ ಬಾಯಲ್ಲಿ ಇದೆ. ಬೇಳೆ ಕಡಿಮೆ ಮಾಡಿ ನೀರು ಹೆಚ್ಚಿಸಿದ ಸಾಂಬಾರನ್ನು ನಮ್ಮ ಗಿರಾಕಿಯೂ ಅಷ್ಟೇ ಕಾಲ ನೆನಪಿಡುತ್ತಾನೆ.

ಪಾಠ 3: ಕೊನೆಯ ರುಚಿ ಗಿರಾಕಿಯ ಕೈಯಲ್ಲಿ

ನಮ್ಮ ಸಪ್ಲೈಯರನಿಗೆ ದಿನವಿಡೀ ಕೇಳುವ ಮಾತು ಯಾವುದು? ಖಾರ ಕಡಿಮೆ ಮಾಡಿ, ಖಾರ ಸ್ವಲ್ಪ ಹೆಚ್ಚು ಇರಲಿ, ಹುಳಿ ಬೇಡ. ಪ್ರತಿ ಮಾತಿಗೂ ಒಳಗೆ ಹೋಗಿ ಭಟ್ಟರಿಗೆ ಹೇಳಿ ಬರಬೇಕು. ಹನೋಯಿಯಲ್ಲಿ ಈ ಓಡಾಟ ಇಲ್ಲ. ಬಟ್ಟಲು ಸೌಮ್ಯವಾಗಿ ಬರುತ್ತದೆ. ನಿಂಬೆ, ಮೆಣಸಿನಕಾಯಿ, ಬೆಳ್ಳುಳ್ಳಿ ವಿನೆಗರ್ ಮೇಜಿನ ಮೇಲಿದೆ, ತನಗೆ ಬೇಕಾದಷ್ಟು ಗಿರಾಕಿಯೇ ಹಾಕಿಕೊಳ್ಳುತ್ತಾನೆ. ದಕ್ಷಿಣದ ಹೋ ಚಿ ಮಿನ್ ನಗರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ತುಳಸಿ ಜಾತಿಯ ಎಲೆ, ಇತರ ಸೊಪ್ಪು, ಹೆಸರುಕಾಳಿನ ಮೊಳಕೆ ತುಂಬಿದ ತಟ್ಟೆಯನ್ನೇ ಮುಂದೆ ಇಡುತ್ತಾರೆ. ಗಿರಾಕಿ ಎಲೆ ಮುರಿದು ಬಟ್ಟಲಿಗೆ ಹಾಕಿಕೊಂಡು ತನ್ನ ಊಟವನ್ನು ತಾನೇ ಪೂರ್ತಿ ಮಾಡುತ್ತಾನೆ.

ಇದರಿಂದ ಎರಡು ಲಾಭ. ಮಕ್ಕಳು, ಮುದುಕರು, ಖಾರ ತಿನ್ನುವವರು ಎಲ್ಲರಿಗೂ ಒಂದೇ ಹಂಡೆ ಸಾಕಾಗುತ್ತದೆ. ರುಚಿಯ ಜವಾಬ್ದಾರಿಯಲ್ಲಿ ಗಿರಾಕಿಗೂ ಪಾಲು ಸಿಕ್ಕಿ, ವಾಪಸು ಬರುವ ಪ್ಲೇಟು ಕಡಿಮೆಯಾಗುತ್ತದೆ. ನಮ್ಮ ಮೇಜಿನ ಮೇಲೆ ಚಟ್ನಿಪುಡಿ, ತುಪ್ಪ, ಮಿಡಿ ಉಪ್ಪಿನಕಾಯಿ, ನಿಂಬೆ ಹೋಳು ಇಟ್ಟರೆ ಖರ್ಚು ಹೆಚ್ಚಾಗುತ್ತದೆ ಎಂಬ ಭಯ ಇದೆ. ಒಂದು ವಾರ ಅಳೆದು ನೋಡಿ. ಸಪ್ಲೈಯರನ ಓಡಾಟದಲ್ಲಿ ಉಳಿಯುವ ಸಮಯವನ್ನೂ ಆ ಲೆಕ್ಕಕ್ಕೆ ಸೇರಿಸಿ.

ಪಾಠ 4: ಒಲೆ ಬಾಗಿಲಲ್ಲಿ ಇರಲಿ

ನಾವು ಅಡುಗೆಮನೆಯನ್ನು ಹಿಂದೆ ಬಚ್ಚಿಟ್ಟು, ಮುಂದೆ ಬೋರ್ಡು, ಲೈಟು, ಗಾಜು ಹಾಕುತ್ತೇವೆ. ಅಲ್ಲಿ ಹಂಡೆಯೇ ಬೋರ್ಡು, ಅದರ ಹಬೆಯೇ ಜಾಹೀರಾತು. ದಾರಿಯಲ್ಲಿ ಹೋಗುವವರಿಗೆ ವಾಸನೆ ಮೊದಲು ತಟ್ಟುತ್ತದೆ, ಆಮೇಲೆ ಕೈಕೆಲಸ ಕಾಣುತ್ತದೆ. ಒಲೆಯ ಮುಂದೆ ನಿಂತವರು ಸಾಮಾನ್ಯವಾಗಿ ಮನೆಯವರೇ. ಗಿರಾಕಿಯ ಮುಖ ನೋಡಿಯೇ ಅವರಿಗೆ ಏನು ಬೇಕೆಂದು ತಿಳಿಯುತ್ತದೆ. ನಮ್ಮ ಜಾಗದಲ್ಲಿ ಇಡೀ ಅಡುಗೆಮನೆ ಮುಂದೆ ತರಲಾಗದು. ಆದರೆ ದೋಸೆ ಕಾವಲಿಯನ್ನಾಗಲಿ ಫಿಲ್ಟರ್ ಕಾಫಿಯ ಕೌಂಟರನ್ನಾಗಲಿ ಗಾಜಿನ ಹಿಂದೆ ಬಾಗಿಲ ಹತ್ತಿರ ತರಬಹುದು. ಕಾಣುವ ಒಲೆ ಸ್ವಚ್ಛವಾಗಿಯೇ ಇರಬೇಕಾಗುತ್ತದೆ, ಅದು ಇನ್ನೊಂದು ಲಾಭ.

ಪಾಠ 5: ಹೆಸರು ಬಂದಾಗ ಏನು ಮಾಡಬೇಕು?

2016ರ ಮೇ 23ರಂದು ಅಮೆರಿಕದ ಆಗಿನ ಅಧ್ಯಕ್ಷ ಬರಾಕ್ ಒಬಾಮಾ ಹನೋಯಿಯ ಬುನ್ ಚಾ ಹೂಂಗ್ ಲಿಯೆನ್ ಎಂಬ ಸಾಮಾನ್ಯ ಅಂಗಡಿಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಊಟ ಮಾಡಿದರು. ಜೊತೆಗಿದ್ದವರು ಟಿವಿಯಲ್ಲಿ ಹೆಸರಾಗಿದ್ದ ಬಾಣಸಿಗ ಆಂಥನಿ ಬೋರ್ಡೇನ್. ಬುನ್ ಚಾ ಎಂದರೆ ಕೆಂಡದಲ್ಲಿ ಸುಟ್ಟ ಹಂದಿಮಾಂಸ, ಸಣ್ಣ ಶಾವಿಗೆ, ಸೊಪ್ಪು. ಇಬ್ಬರ ಬಿಲ್ಲು ಸೇರಿ ಆದದ್ದು ಸುಮಾರು 6 ಡಾಲರು, ಅದನ್ನು ಕೊಟ್ಟವರು ಬೋರ್ಡೇನ್.

ಮರುದಿನದಿಂದ ಲೋಕವೇ ಆ ಅಂಗಡಿಯ ಹೆಸರು ಹೇಳತೊಡಗಿತು. ಮಾಲಕರು ಏನು ಮಾಡಿದರು? ಆ ಮೇಜನ್ನೂ ಸ್ಟೂಲುಗಳನ್ನೂ ಗಾಜಿನ ಪೆಟ್ಟಿಗೆಯೊಳಗೆ ಇಟ್ಟರು. ಅಂದು ಅವರು ತಿಂದ ಬುನ್ ಚಾ, ಒಂದು ಕರಿದ ರೋಲು, ಒಂದು ಹನೋಯಿ ಬಿಯರು, ಮೂರನ್ನೂ ಸೇರಿಸಿ 'ಕಾಂಬೋ ಒಬಾಮಾ' ಎಂದು ಹೆಸರಿಟ್ಟು ಮಾರಿದರು. ಅಂಗಡಿಯ ತಿಂಡಿ ಬುನ್ ಚಾ ಆಗಿಯೇ ಉಳಿಯಿತು. ಗಣ್ಯರು ಬಂದರೆಂದು ಹೊಸ ಹೊಸ ತಿಂಡಿಗಳ ಪುಟ ತೆರೆಯಲು ಹೋಗಲಿಲ್ಲ.

ಹಾಗೆಯೇ 2023ರಲ್ಲಿ ಪ್ರಸಿದ್ಧ ಮಿಶೆಲಿನ್ ಮಾರ್ಗದರ್ಶಿ ಮೊದಲ ಸಲ ಹನೋಯಿ ಮತ್ತು ಹೋ ಚಿ ಮಿನ್ ನಗರದ ಪಟ್ಟಿ ತಂದಿತು. ಮಿತ ದರದಲ್ಲಿ ಒಳ್ಳೆಯ ಊಟ ಕೊಡುವವರಿಗೆ ಅದರಲ್ಲಿ ಬಿಬ್ ಗೂರ್ಮಾಂಡ್ ಎಂಬ ಬೇರೆ ವಿಭಾಗವಿದೆ. ಮೇಲೆ ಹೇಳಿದ ಬಾಟ್ ಡಾನ್ ಬೀದಿಯ ಅಂಗಡಿಗೆ ಆ ಗೌರವ ಸಿಕ್ಕಿತು. ಏಸಿ ಇಲ್ಲ, ಸಪ್ಲೈಯರ್ ಇಲ್ಲ, ಬಟ್ಟಲು ತಾನೇ ಹೊರಬೇಕು, ಆದರೂ ಗೌರವ ಬಂತು. 2024ರಲ್ಲಿ ಅಲ್ಲಿಯ ಸರ್ಕಾರ ಹನೋಯಿಯ ಫೋವನ್ನು ರಾಷ್ಟ್ರೀಯ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಸಸ್ಯಾಹಾರಿಗಳು ಹೋದರೆ

ವಿಯೆಟ್ನಾಮಿ ಭಾಷೆಯಲ್ಲಿ ಸಸ್ಯಾಹಾರಕ್ಕೆ 'ಚಾಯ್' ಎನ್ನುತ್ತಾರೆ, ನಮ್ಮ ಚಹಾದ ಹೆಸರು ಕೇಳಿದಂತೆಯೇ ಇರುತ್ತದೆ. ಬೌದ್ಧ ಸಂಪ್ರದಾಯದಂತೆ ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಅನೇಕರು ಮಾಂಸ ಬಿಡುತ್ತಾರೆ. ನಮ್ಮವರು ಏಕಾದಶಿ ಹಿಡಿದ ಹಾಗೆ. ಆ ದಿನ ಚಾಯ್ ಅಂಗಡಿಗಳಲ್ಲಿ ಕೂರಲು ಜಾಗ ಸಿಗುವುದಿಲ್ಲ. ಬೋರ್ಡಿನ ಮೇಲೆ ಈ ಶಬ್ದ ನೋಡಿಯೇ ಒಳಗೆ ಹೋಗಿ. ಬೇರೆ ಅಂಗಡಿಯಲ್ಲಿ ಮಾಂಸ ಹಾಕಬೇಡಿ ಎಂದರೂ ಸಾರು ಎಲುಬಿನದೇ, ಮೀನಿನ ಸಾಸೂ ಸೇರಿರುತ್ತದೆ.

ಚಾಯ್ ಅಂಗಡಿಯ ಫೋದಲ್ಲಿ ಮೂಲಂಗಿ, ಗಜ್ಜರಿ, ಅಣಬೆ ಇಂಥವುಗಳ ಸಾರು, ಅದೇ ಸುಟ್ಟ ಶುಂಠಿ, ಅದೇ ಚಕ್ರಮೊಗ್ಗು. ಮೇಲೆ ತೋಫು ಮತ್ತು ಅಣಬೆ. ಬಾಯಿಗಿಟ್ಟ ಕೂಡಲೇ ಗೊತ್ತಾದ ಮಾತು ಇದು: ತರಕಾರಿಯಿಂದಲೂ ಗಟ್ಟಿ ರುಚಿಯ ತಿಳಿಸಾರು ತೆಗೆಯಬಹುದು, ಎಣ್ಣೆ ಬೇಡ, ಗೋಡಂಬಿ ಪೇಸ್ಟೂ ಬೇಡ. ಬಟ್ಟಲಿಗೆ ನಮ್ಮ ಲೆಕ್ಕದಲ್ಲಿ ನೂರೈವತ್ತು ರೂಪಾಯಿಯ ಆಸುಪಾಸು ಆಯಿತು. ಹೊಟ್ಟೆ ತುಂಬಿತು, ಭಾರವಾಗಲಿಲ್ಲ.

ಕುರ್ಚಿಯ ಲೆಕ್ಕ

ಕಡಿಮೆ ದರದ ಒಂದು ಬಟ್ಟಲಿನಿಂದ ಬಾಡಿಗೆ ಹುಟ್ಟುತ್ತದೆಯೇ ಎಂದು ಕೇಳಬಹುದು. ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಒಬ್ಬ ಗಿರಾಕಿ 45 ನಿಮಿಷ ಕೂತು 300 ರೂಪಾಯಿ ಬಿಲ್ಲು ಮಾಡಿದರೆ ಆ ಕುರ್ಚಿಯ ದುಡಿಮೆ ಗಂಟೆಗೆ 400 ರೂಪಾಯಿ. ಇನ್ನೊಬ್ಬ 20 ನಿಮಿಷದಲ್ಲಿ 150 ರೂಪಾಯಿಯ ತಿಂಡಿ ತಿಂದು ಎದ್ದರೆ ಅದೇ ಕುರ್ಚಿಗೆ ಗಂಟೆಗೆ ಮೂವರು, ಅಂದರೆ 450 ರೂಪಾಯಿ. ಬಿಲ್ಲು ಅರ್ಧವಾದರೂ ದುಡಿಮೆ ಹೆಚ್ಚಾಯಿತು. ಈ ಲೆಕ್ಕ ನಡೆಯುವುದು ಸಾಲು ನಿಲ್ಲುವ ಹೊತ್ತಿನಲ್ಲಿ ಮಾತ್ರ, ಖಾಲಿ ಹೊತ್ತಿನಲ್ಲಿ ಕೂತವರನ್ನು ಎಬ್ಬಿಸಬಾರದು. ಆದರೆ ನಮ್ಮ ಬಾಡಿಗೆ ಹುಟ್ಟುವುದೇ ಆ ನಾಲ್ಕೈದು ಗಂಟೆಯ ರಷ್‌ನಲ್ಲಿ ಎಂಬುದು ಎಲ್ಲರಿಗೂ ಗೊತ್ತು.

ಯಾವುದನ್ನು ಕಲಿಯಬಾರದು?

ಅಲ್ಲಿಯದೆಲ್ಲ ನಮಗೆ ಒಗ್ಗುವುದಿಲ್ಲ. ಫುಟ್‌ಪಾತಿನಲ್ಲಿ ಸ್ಟೂಲು ಹಾಕುವುದು, ರಸ್ತೆ ಬದಿಯಲ್ಲಿ ಪಾತ್ರೆ ತೊಳೆಯುವುದು ನಮ್ಮ ಲೈಸನ್ಸಿಗೂ ಆಹಾರ ಸುರಕ್ಷತಾ ನಿಯಮಕ್ಕೂ ಹೊಂದುವುದಿಲ್ಲ. ಹನೋಯಿಯ ಆಡಳಿತವೇ 2017ರಲ್ಲಿ ಫುಟ್‌ಪಾತ್ ತೆರವು ಮಾಡಲು ದೊಡ್ಡ ಕಾರ್ಯಾಚರಣೆ ನಡೆಸಿತ್ತು. ಮೊಣಕಾಲು ನೋಯುವ ನಮ್ಮ ಹಿರಿಯ ಗಿರಾಕಿಗಳನ್ನು ಗಿಡ್ಡ ಸ್ಟೂಲಿನ ಮೇಲೆ ಕೂರಿಸಲೂ ಆಗದು. ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಎಷ್ಟೋ ಅಂಗಡಿಗಳಲ್ಲಿ ಮನೆ ಅವರದೇ, ಕೆಲಸವೂ ಮನೆಯವರದೇ. ಬಾಡಿಗೆ ಕಟ್ಟಿ, ಸಂಬಳ ಕೊಡುವ ನಾವು ಒಂದೇ ತಿಂಡಿಗೆ ಇಳಿಯುವುದು ಎಲ್ಲರಿಗೂ ಸಾಧ್ಯವಿಲ್ಲ. ನೂರೈವತ್ತು ಇದ್ದಲ್ಲಿ ನಲವತ್ತಕ್ಕೆ ಇಳಿದರೂ ಸಾಕು.

ಈಗ ಮಾಡಬೇಕಾದದ್ದು

1. ಕಳೆದ ಒಂದು ತಿಂಗಳ ಬಿಲ್ಲುಗಳನ್ನು ತೆಗೆದು, ಯಾವ ತಿಂಡಿ ಎಷ್ಟು ಹೋಗಿದೆ ಎಂದು ಬರೆಯಿರಿ.

2. ದಿನಕ್ಕೆ ಒಂದೆರಡು ಕೂಡ ಹೋಗದ ತಿಂಡಿಗಳ ಮುಂದೆ ಗುರುತು ಹಾಕಿ. ಅದಕ್ಕೆಂದೇ ತರಿಸುವ ಬೇರೆ ಸಾಮಾನು, ಬೇರೆ ಭಟ್ಟ ಇದ್ದರೆ ಎರಡು ಗುರುತು ಹಾಕಿ.

3. ಎರಡು ಗುರುತು ಬಿದ್ದವುಗಳನ್ನು ಒಂದು ತಿಂಗಳು ನಿಲ್ಲಿಸಿ ನೋಡಿ. ಕೇಳಿ ಬಂದವರು ಎಷ್ಟು, ಕೇಳಿ ಎದ್ದು ಹೋದವರು ಎಷ್ಟು ಎಂದು ಗಲ್ಲೆಯಲ್ಲಿ ಬರೆದಿಡಿ.

4. ಉಳಿದ ಹಣದ ಒಂದು ಭಾಗವನ್ನು ನಿಮ್ಮ ಹಂಡೆಗೆ ಹಾಕಿ. ಒಳ್ಳೆಯ ಬೇಳೆ, ಒಳ್ಳೆಯ ಉದ್ದು, ಒಳ್ಳೆಯ ಕಾಫಿಪುಡಿ.

5. ಮಗನನ್ನೋ ಮಗಳನ್ನೋ ಈ ಲೆಕ್ಕಕ್ಕೆ ಕೂರಿಸಿ. ನೂರೈವತ್ತು ತಿಂಡಿಯ ರಗಳೆ ನೋಡಿ ಓಡಿದ ಮಕ್ಕಳು, ನಲವತ್ತು ತಿಂಡಿಯ ಅಚ್ಚುಕಟ್ಟು ವ್ಯಾಪಾರ ನೋಡಿದರೆ ಒಂದು ಪ್ರಶ್ನೆಯಾದರೂ ಕೇಳಿಯಾರು.

ಬಾಂಧವರೇ, ಬಾಟ್ ಡಾನ್ ಬೀದಿಯ ಸಾಲಿನಲ್ಲಿ ನಿಂತವರು ಮೆನು ನೋಡಲು ಬಂದವರಲ್ಲ. ಏನು ಸಿಗುತ್ತದೆ, ಹೇಗಿರುತ್ತದೆ ಎಂದು ಗೊತ್ತಿದ್ದೇ ಬಂದವರು. ನಮ್ಮ ಬಾಗಿಲಿಗೆ ಬರುವವರು ಯಾವ ಒಂದು ತಿಂಡಿಗಾಗಿ ಬರುತ್ತಾರೆ ಎಂಬುದನ್ನು ನಾವು ಮೊದಲು ಪತ್ತೆ ಮಾಡಬೇಕು. ಅದು ತಿಳಿದರೆ ಮೆನುವಿನಲ್ಲಿ ಏನು ಉಳಿಯಬೇಕು, ಏನು ಹೋಗಬೇಕು ಎಂಬುದು ತಾನಾಗಿ ತಿಳಿಯುತ್ತದೆ. ತಿಂಗಳು ಮಾಡಿ ನೋಡಿದವರು ಲಾಭವಾದರೂ ನಷ್ಟವಾದರೂ ಲೆಕ್ಕ ಸಹಿತ ಪತ್ರಿಕೆಗೆ ಬರೆಯಿರಿ. ಉಳಿದ ಸದಸ್ಯರಿಗೆ ಅದರಿಂದ ಉಪಯೋಗವಾಗುತ್ತದೆ.